ಸರ್ವಿಸ್ ಆದ ದುರ್ಬೀನು

ವಾಚ್ ರಿಪೇರಿ ಯಜಮಾನರು ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಆದರೆ ಅವರ ಕೈ ಇನ್ನೂ ನಿವೃತ್ತಿ ಆಗಿರಲಿಲ್ಲ. ಮನೆಯಲ್ಲಿ ಸರಿಯಾಗಿ ನಡೆಯುವ ವಸ್ತು ಕಂಡರೆ ಅವರಿಗೆ ಏನೋ ಸಂಕಟ. (ಮಿಕ್ಸಿ ಪ್ರಾಣ ಬಿಟ್ಟದ್ದು ಈ ಸಂಕಟಕ್ಕೇ.)

ಕೆರೆಯ ಹತ್ತಿರ ಹಕ್ಕಿ ನೋಡುವವರ ಗುಂಪೊಂದಿತ್ತು. ದುರ್ಬೀನು ಕೊಳ್ಳಲಾರದವರಿಗಾಗಿ ಅವರು ಹಳೆಯವನ್ನು ಕೇಳಿ ಪಡೆಯುತ್ತಿದ್ದರು. ಕೊಟ್ಟವರ ಹೆಸರನ್ನು ಭಾನುವಾರ ಎಲ್ಲರೆದುರು ಓದುತ್ತಿದ್ದರು. ತಮ್ಮ ಹೆಸರನ್ನು ಹಾಗೆ ಒಮ್ಮೆ ಕಿವಿಯಾರೆ ಕೇಳಬೇಕೆಂದು ಯಜಮಾನರಿಗೆ ಆಸೆಯಾಯಿತು. (ಅಂಗಡಿಯ ಬೋರ್ಡಿನ ಮೇಲೂ ಇದ್ದದ್ದು ವಾಚಿನ ಹೆಸರು, ಅವರದಲ್ಲ.)

"ನನ್ನ ತಮ್ಮ ಹಡಗಿನ ಕೆಲಸದಲ್ಲಿದ್ದಾಗ ತಂದ್ಕೊಟ್ಟದ್ದು ಬೀರುವಿನಲ್ಲಿ ಕೂತಿದೆಯಲ್ಲ, ಅದನ್ನೇ ಕೊಡಿ," ಎಂದಳು ಹೆಂಡತಿ.

ಅವಳು ಒಲೆ ಆರಿಸಿ ಬರುವಷ್ಟರಲ್ಲಿ ಮೇಜಿನ ಮೇಲೆ ದುರ್ಬೀನು ಬಿಡಿಬಿಡಿಯಾಗಿ ಮಲಗಿತ್ತು.

"ಅಯ್ಯೋ, ಚೆನ್ನಾಗಿರೋದನ್ನ ಯಾಕ್ರೀ ಬಿಚ್ಚಿದ್ರಿ?"

"ನಲವತ್ತು ವರ್ಷದಲ್ಲಿ ಸರ್ವಿಸ್ ಆಗದೆ ಒಂದು ವಸ್ತೂ ನನ್ನ ಕೈ ದಾಟಿ ಹೋಗಿಲ್ಲ ಕಣೇ."

"ಹೋದದ್ದು ವಾರಕ್ಕೇ ವಾಪಸ್ ಬರ್ತಿತ್ತು, ಅದನ್ನೂ ಹೇಳಿ."

ಸಂಜೆಗೆ ದುರ್ಬೀನು ಮತ್ತೆ ದುರ್ಬೀನಾಯಿತು. ಒಂದು ಸ್ಕ್ರೂ ಮಾತ್ರ ಮಿಕ್ಕಿತು. ಕಂಪನಿಯವರು ಹೆಚ್ಚಿಗೆ ಹಾಕಿರುತ್ತಾರೆ ಎಂದು ಅದನ್ನು ಡಬ್ಬಿಗೆ ಹಾಕಿ, ಯಜಮಾನರು ಪರೀಕ್ಷೆಗೆ ಕಿಟಕಿಯ ಬಳಿ ನಿಂತರು. ಜೀವಮಾನವೆಲ್ಲ ವಾಚನ್ನು ಒಂದೇ ಕಣ್ಣಿನಲ್ಲಿ ನೋಡಿದವರು; ಇದನ್ನೂ ಹಾಗೇ ನೋಡಿದರು. ಬಲಗಣ್ಣು ಮುಚ್ಚಿದರೆ ಎಡದ ಗಾಜು ಸ್ವಚ್ಛ. ಎಡಗಣ್ಣು ಮುಚ್ಚಿದರೆ ಬಲದ್ದೂ ಸ್ವಚ್ಛ.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೆಂಡತಿಯೊಂದಿಗೆ ಕೆರೆಗೆ ಹೋಗಿ, ದಾನಿಗಳ ಪಟ್ಟಿಯಲ್ಲಿ ಪೂರ್ತಿ ಹೆಸರು ಬರೆಸಿದರು. ಗುಂಪು ನಡೆಸುವ ಟೀಚರಮ್ಮ ದುರ್ಬೀನನ್ನು ಎರಡೂ ಕಣ್ಣಿಗೆ ಹಿಡಿದರು.

"ತಾತ, ಅಲ್ಲಿ ನಿಂತಿರೋದು ಒಂದೇ ಕೊಕ್ಕರೆ ತಾನೇ?"

"ಒಂದೇ ಅಲ್ವೇನಮ್ಮಾ?"

"ಇದರಲ್ಲಿ ಎರಡು ಕಾಣ್ತಿವೆ. ಅಯ್ಯೋ ಪಾಪ, ಇಷ್ಟು ವರ್ಷ ಇದರಲ್ಲೇ ಹಕ್ಕಿ ನೋಡ್ತಿದ್ರಾ?"

ಇಲ್ಲ ಎಂದರೆ, ಮತ್ತೆ ಕೆಡಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಯಜಮಾನರು ಓರೆಗಣ್ಣಿನಿಂದ ಹೆಂಡತಿಯನ್ನು ನೋಡಿದರು. ಅವಳು ಕೊಕ್ಕರೆಯನ್ನು ನೋಡುತ್ತಿದ್ದಳು.

"ಹೌದಮ್ಮಾ," ಎಂದರು ಯಜಮಾನರು, ಸಣ್ಣ ದನಿಯಲ್ಲಿ.

ಟೀಚರಮ್ಮ ಪಟ್ಟಿಯಲ್ಲಿ ಏನನ್ನೋ ಹೊಡೆದುಹಾಕಿ, ಏನನ್ನೋ ಬರೆದುಕೊಂಡರು. ಹೆಸರು ಓದುವ ಹೊತ್ತು ಬಂತು. ದಾನಿಗಳ ಹೆಸರು ಮುಗಿದವು; ಯಜಮಾನರದು ಬರಲಿಲ್ಲ. ಆಮೇಲೆ ಟೀಚರಮ್ಮ ಗಂಟಲು ಸರಿಮಾಡಿಕೊಂಡು, "ಈ ವಾರ ನಮ್ಮಿಂದ ದುರ್ಬೀನು ಪಡೀತಿರೋ, ಕೊಳ್ಳೋ ಶಕ್ತಿ ಇಲ್ಲದ ಹಿರಿಯರು..." ಎಂದು ಯಜಮಾನರ ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಸಮೇತ, ಕೆರೆಯ ಆಚೆ ದಡಕ್ಕೂ ಕೇಳುವಂತೆ ಓದಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಡತಿಯ ಚಪ್ಪಾಳೆಯೇ ಎಲ್ಲಕ್ಕಿಂತ ಜೋರಾಗಿತ್ತು.