ಮುತ್ತನಪೇಟೆಗೆ ಮೊದಲ ಪತ್ರಿಕೆ

ದಾರಿ ಕೇಳಿದವರಿಗೆ ‘ಗೊತ್ತಿಲ್ಲ’ ಎನ್ನಬಾರದೆಂಬ ನಿಯಮವನ್ನು ನಮ್ಮ ಸೀಮೆಯಲ್ಲಿ ಮೊದಲು ಜಾರಿಗೆ ತಂದ ಪುಣ್ಯಾತ್ಮ ಯಾರೋ, ಅವನ ಮನೆ ಎಲ್ಲಿದೆಯೆಂದು ನನಗೆ ತಿಳಿಯಬೇಕಾಗಿದೆ. ಹೋಗಿ ನಾಲ್ಕು ಮಾತು ಆಡಿ ಬರಬೇಕು. ಆದರೆ ಅವನ ಮನೆಯ ದಾರಿಯನ್ನೂ ಇದೇ ಜನರನ್ನೇ ಕೇಳಬೇಕಲ್ಲ ಎಂದು ನೆನಪಾದಾಗ ಸಿಟ್ಟು ಇಮ್ಮಡಿಯಾಗುತ್ತದೆ. ಕುಡಿಯಲು ನೀರು ಕೇಳಿದವರಿಗೆ ಇಲ್ಲ ಎನ್ನಬಾರದು, ಸರಿ. ಅದನ್ನೇ ದಾರಿಗೂ ಅನ್ವಯಿಸಿದರೆ ಹೇಗೆ? ಇಲ್ಲದ ನೀರನ್ನು ಯಾರೂ ಲೋಟಕ್ಕೆ ಸುರಿಯುವುದಿಲ್ಲ. ಇಲ್ಲದ ದಾರಿಯನ್ನು ಮಾತ್ರ ಕೈ ಎತ್ತಿ, ಬಲಕ್ಕೆ ಎಡಕ್ಕೆ ತಿರುಗಿಸಿ, ತುಂಬಿ ತುಳುಕುವಂತೆ ಕೊಟ್ಟು ಕಳಿಸುತ್ತಾರೆ.

ನಾನು ಕೊಳ್ಳೇಗಾಲದಲ್ಲಿ ಪಿಯುಸಿ ಮಕ್ಕಳಿಗೆ ಭೂಗೋಳ ಹೇಳುವವನು. ಆ ದಿನದಿಂದ ಈಚೆಗೆ ಕಪ್ಪುಹಲಗೆಯ ಮೇಲೆ ಕಣಿವೆಯ ಚಿತ್ರ ಬರೆಯಲು ಹೋದರೆ ಕೈ ನಡುಗುತ್ತದೆ. ಗೆರೆ ಅಂಕುಡೊಂಕಾಗುತ್ತದೆ. ಮಕ್ಕಳು ಅದನ್ನು ನದಿಯ ತಿರುವು ಎಂದುಕೊಂಡು ಶ್ರದ್ಧೆಯಿಂದ ಹಾಗೇ ಬರೆದುಕೊಳ್ಳುತ್ತಾರೆ. ಮುಂದಿನ ಪರೀಕ್ಷೆಯಲ್ಲಿ ನಮ್ಮ ಕಾಲೇಜಿನ ನದಿಗಳೆಲ್ಲ ನಡುಗುತ್ತ ಹರಿದರೆ ಅದಕ್ಕೆ ಕಾರಣ ಮುತ್ತನಪೇಟೆ.

ಮುತ್ತನಪೇಟೆ ನನ್ನ ಅತ್ತೆಯ ಊರಲ್ಲ. ಅತ್ತೆ ಸತ್ತೇಗಾಲದ ಹೊಳೆದಂಡೆಯವರು, ಯಳಂದೂರಿಗೆ ಸೊಸೆಯಾಗಿ ಬಂದವರು. ಅವರ ಮಾವ, ಅಂದರೆ ನನ್ನ ಹೆಂಡತಿಯ ಅಜ್ಜ, ಮನೆಯಲ್ಲಿ ಮದುವೆ ಗೊತ್ತಾದಾಗಲೆಲ್ಲ ಅಚ್ಚಾಗಿ ಬಂದ ಲಗ್ನಪತ್ರಿಕೆಯಲ್ಲಿ ಮೊದಲನೆಯದನ್ನು ತಟ್ಟೆಯಲ್ಲಿಟ್ಟು, ತೆಂಗಿನಕಾಯಿ ಹೂವು ಸೇರಿಸಿ, ಬೆಳಿಗ್ಗೆ ಹೊರಟು ಸಂಜೆಗೆ ವಾಪಸಾಗುತ್ತಿದ್ದರಂತೆ. ಎಲ್ಲಿಗೆ ಎಂದು ಸೊಸೆ ಕೇಳಿದರೆ ‘ಮುತ್ತನಪೇಟೆಗೆ’. ಅವರ ನಂತರ ನನ್ನ ಮಾವನೂ ಹಾಗೆಯೇ ಹೋಗಿ ಬರುತ್ತಿದ್ದರು. ನನ್ನ ಮದುವೆಗೂ ಹೋಗಿ ಬಂದರಂತೆ. ಹೀಗೆ ಹೊಸ್ತಿಲಾಚೆ ನಿಂತು ಕೇಳಿದ ಒಂದೇ ಹೆಸರಿನಿಂದ ಅತ್ತೆ ತಮ್ಮ ಮನಸ್ಸಿನಲ್ಲಿ ಒಂದು ಪುಟ್ಟ ಪಟ್ಟಣವನ್ನೇ ಕಟ್ಟಿಕೊಂಡಿದ್ದರು. ಅದು ಈ ವಂಶದ ಮೂಲದ ಊರು. ಅಲ್ಲಿ ಹಿರೀಕರ ಕಲ್ಲಿದೆ, ಪತ್ರಿಕೆ ಇಡುವುದು ಅದರ ಮುಂದೆ. ಅಗಲವಾದ ಬೀದಿಗಳಿವೆ, ಸಂತೆ ಸೇರುತ್ತದೆ, ಎಲ್ಲರ ಮನೆಯ ಮುಂದೆಯೂ ಹೊಂಗೆ ಮರ.

ಈಗ ಮಾವ ಇಲ್ಲ. ನನ್ನ ನಾದಿನಿ ರೂಪಾಳ ಮದುವೆ ಗೊತ್ತಾಗಿತ್ತು. ಮಾವ ಹೋದ ಮೇಲೆ ಒಮ್ಮೆ ಅವಳಿಗೆ ನಿಶ್ಚಿತಾರ್ಥವಾಗಿ ಮುರಿದುಬಿದ್ದಿತ್ತು. ಗಂಡಿನ ಕಡೆಯವರು ಕೊಟ್ಟ ಕಾರಣ ಏನೇ ಇರಲಿ, ಅತ್ತೆ ಕಂಡುಕೊಂಡ ಕಾರಣ ಮುತ್ತನಪೇಟೆಯನ್ನು ಮರೆತದ್ದು. ಈ ಸಲ ಅವರು ಪಟ್ಟು ಹಿಡಿದು ಕೂತರು. ಮೊದಲ ಪತ್ರಿಕೆ ಮುತ್ತನಪೇಟೆ ಮುಟ್ಟದೆ ಇನ್ನೊಂದು ಪತ್ರಿಕೆ ಹೊರಗೆ ಹೋಗಕೂಡದು, ಚಪ್ಪರದ ಕಂಬ ನೆಡಕೂಡದು. ಬೀಗರು ದಿನಾ ಫೋನ್ ಮಾಡಿ ‘ಪತ್ರಿಕೆ ಯಾಕೆ ಇನ್ನೂ ಹಂಚಿಲ್ಲ? ನಿಮ್ಮ ಕಡೆಯಿಂದ ಏನಾದರೂ...’ ಎಂದು ರಾಗ ಎಳೆಯತೊಡಗಿದರು. ರೂಪಾ ಅಡುಗೆಮನೆಯ ಮೂಲೆಯಲ್ಲಿ ನಿಂತು, ಅತ್ತ ಕಣ್ಣು ಒರೆಸಿಕೊಳ್ಳುತ್ತ ನನಗೆ ಹೇಳಿದಳು: “ಭಾವ, ಇನ್ನೊಂದ್ ಸಲ ಮುರಿದುಬಿದ್ರೆ ನಾನು ಈ ಬೀದೀಲಿ ತಲೆ ಎತ್ತಕ್ಕಾಗಲ್ಲ. ಆ ಊರು ಹುಡುಕ್ಕೊಡಿ. ನೀವೇ ಅಲ್ವಾ ಭೂಗೋಳದವರು?”

ನಕ್ಷೆಯಲ್ಲಿ ಹುಡುಕಿದೆ. ಮುತ್ತಿನಿಂದ ಶುರುವಾಗುವ ಊರುಗಳು ಎಷ್ಟೋ ಸಿಕ್ಕವು, ಪೇಟೆಯಲ್ಲಿ ಮುಗಿಯುವವೂ ಸಿಕ್ಕವು. ಎರಡನ್ನೂ ಕೂಡಿಸಿಕೊಂಡ ಊರು ಮಾತ್ರ ಸಿಗಲಿಲ್ಲ. ‘ಅಂಥ ಊರು ಇಲ್ಲ’ ಎಂದೆ. ಅತ್ತೆ ನನ್ನೊಡನೆ ನೇರವಾಗಿ ಮಾತಾಡುವವರಲ್ಲ. ಅಳಿಯನ ಎದುರು ಸೆರಗು ಸರಿಮಾಡಿಕೊಂಡು, ಮಗನನ್ನು ಮುಂದಿಟ್ಟುಕೊಂಡೇ ಮಾತು. “ಲೇ ಮಾದೇಶ, ಅಳಿಯಂದ್ರಿಗೆ ಯೋಳ್ಲಾ. ಮೊಬೈಲ್ನೋರು ನಿನ್ನೆ ಮೊನ್ನೆ ಬಂದೋರು. ನಮ್ಮಾವ ಓಗ್ತಿದ್ದಾಗ ಮೊಬೈಲೆಲ್ಲಿತ್ತು?” ಎಂದರು. ನಾನು ಮೊಬೈಲನ್ನೂ ಭೂಗೋಳಶಾಸ್ತ್ರವನ್ನೂ ಒಟ್ಟಿಗೇ ಜೇಬಿಗೆ ಹಾಕಿಕೊಂಡೆ.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಯಳಂದೂರಿನಿಂದ ಹೊರಟೆವು. ಚಾಲಕನ ಜಾಗದಲ್ಲಿ ಮಾದೇಶ, ಪಕ್ಕದಲ್ಲಿ ತಟ್ಟೆ ತೊಡೆಯ ಮೇಲಿಟ್ಟುಕೊಂಡ ಅತ್ತೆ, ಹಿಂದೆ ನಾನು. ಮಾವನ ತಮ್ಮ, ನಾವು ಚಿಕ್ಕಮಾವ ಎಂದು ಕರೆಯುವ ಮುದುಕರು, ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವರು, ಮೈಸೂರಿನ ಮಗಳ ಮನೆಯಿಂದ ಹಿಂದಿನ ರಾತ್ರಿಯಷ್ಟೇ ಬಂದವರು. ನಮ್ಮನ್ನೂ ತಟ್ಟೆಯನ್ನೂ ಕಾರನ್ನೂ ನೋಡಿ, “ಒಳ್ಳೇದಾಗ್ಲಿ, ಓಗಿ ಬನ್ನಿ” ಎಂದು ಕೈ ಎತ್ತಿದರು.

ಮೂಡಲ ಕಾಡಿನ ಕಡೆ ಎಂದು ಅಜ್ಜ ಒಮ್ಮೆ ಅಂದಿದ್ದರಂತೆ. ಅಷ್ಟೇ ನಮ್ಮ ಆಧಾರ. ಹನೂರಿನ ಟೀ ಅಂಗಡಿಯವನನ್ನು ಮಾದೇಶ ಕೇಳಿದ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. “ಮುತ್ತನಪೇಟೆಯಾ? ಇಲ್ಲೇ ಸಾ. ಅಜ್ಜೀಪುರ ದಾಟ್ಕಳಿ, ಬಲಕ್ ತಿರಿಕಳಿ, ಅಂಗೇ ಓಗಿ, ಅಲ್ ಯಾರ್ನಾರ ಕೇಳಿ” ಎಂದ. ಗಮನಿಸಿ, ನಮ್ಮವರು ಹೇಳುವ ದಾರಿಯೆಲ್ಲ ಮುಗಿಯುವುದೇ ‘ಅಲ್ಲಿ ಯಾರನ್ನಾದರೂ ಕೇಳಿ’ ಎಂಬಲ್ಲಿ. ಅಜ್ಜೀಪುರದಲ್ಲಿ ರಾಗಿ ಒಣಗಿಸುತ್ತಿದ್ದ ಹೆಂಗಸು, “ಅಯ್ಯೋ, ಮುತ್ತನಪೇಟೆ ಗೊತ್ತಿಲ್ವಾ, ನಮ್ಮ ನಾದ್ನೀನ ಆ ಕಡೆಗೇ ಕೊಟ್ಟಿರಾದು” ಎಂದು ನಕ್ಕಳು. ಆ ಕಡೆ ಎಂದರೆ ಯಾವ ಕಡೆ ಎಂದರೆ ಹಿಂದಿನ ಗುಡ್ಡ, ಮುಂದಿನ ಗುಡ್ಡ ಎರಡನ್ನೂ ಒಂದೇ ಕೈಯಲ್ಲಿ ತೋರಿಸಿದಳು. ಮುಂದೆ ಸಿಕ್ಕ ಬೈಕಿನವನು ಪಾಲಾರ್ ಕಡೆಯವನು, ಅರ್ಧ ತಮಿಳು ಅರ್ಧ ಕನ್ನಡ. “ಪೇಟ್ಟೆನಾ? ಇರುಕ್ಕು ಸಾರ್, ಇದೆ ಇದೆ! ಈ ಮಣ್ ರೋಡಲ್ಲಿ ನೇರಾ ಓಗಿ” ಎಂದ. ಇಲ್ಲದ ಊರನ್ನು ಎರಡು ಭಾಷೆಯಲ್ಲಿ ಇದೆ ಎಂದವನು ಅವನೊಬ್ಬನೇ.

ಮಣ್ಣಿನ ದಾರಿ ಹೋಗುತ್ತ ಹೋಗುತ್ತ ಗಾಡಿ ಜಾಡಾಯಿತು, ಜಾಡು ಲಂಟಾನದ ಪೊದೆಗಳ ನಡುವಿನ ಒಂದು ಊಹೆಯಾಯಿತು. ಹಿಂತಿರುಗೋಣ ಎಂದೆ. ಮಾದೇಶ, “ಅವ್ರೆಲ್ಲಾ ಇದೆ ಅಂದ್ರಲ್ಲ ಭಾವ, ಇಷ್ಟು ಜನ ಸುಳ್ಳು ಯೋಳ್ತಾರಾ?” ಎಂದ. ಅಲ್ಲಿ ನೆಟ್‌ವರ್ಕ್ ಏನಾದರೂ ಸಿಕ್ಕೀತೆ ಎಂದು ನಾನು ಇಳಿದು ಒಂದು ಬಂಡೆ ಹತ್ತಿ ಮೊಬೈಲನ್ನು ಆರತಿಯಂತೆ ಎತ್ತಿ ಹಿಡಿದೆ. ಆಗ ಅವನು, ಮುಂದೆ ಒಂಚೂರು ನೋಡಿಬರುತ್ತೇನೆಂದು ಕಾರನ್ನು ಪೊದೆಯೊಳಗೆ ನುಗ್ಗಿಸಿದ.

ಇನ್ನು ಮುಂದಿನದನ್ನು ನಾನು ದಿನವೂ ನೋಡುತ್ತಿದ್ದೇನೆ. ಹಲ್ಲುಜ್ಜುವಾಗ ನೋಡುತ್ತೇನೆ, ಹಾಜರಿ ಕರೆಯುವಾಗ ನೋಡುತ್ತೇನೆ. ಪೊದೆ ಅಲುಗಿತು. ಕಾರಿನ ಮೂತಿ ಕೆಳಗಾಯಿತು. ಧಡ್ ಎಂದು ಸದ್ದು. ಆಮೇಲೆ ಕಾರಿನ ಹಿಂದಿನ ಚಕ್ರಗಳು ನಿಧಾನವಾಗಿ, ಯಾರೋ ಸೀರೆಯ ನೆರಿಗೆ ಎತ್ತಿದ ಹಾಗೆ, ನೆಲ ಬಿಟ್ಟು ಮೇಲೆದ್ದವು. ಕಾಡಿನ ಆನೆಗಳು ಹೊಲಕ್ಕೆ ಬರಬಾರದೆಂದು ಅಗೆದ ಕಂದಕ ಅದು. ಹಳೆಯ ಜಾಡನ್ನು ಅಡ್ಡಲಾಗಿ ಸೀಳಿಕೊಂಡು ಹೋಗಿತ್ತು. ಅಗೆದ ಮಹಾನುಭಾವರು ಒಂದು ಕಲ್ಲು, ಒಂದು ಮುಳ್ಳಿನ ಕೊಂಬೆ, ಒಂದು ಹರಿದ ಕೆಂಪು ಬಟ್ಟೆಯನ್ನೂ ನಿಲ್ಲಿಸಿರಲಿಲ್ಲ. ಆನೆಗೆ ಓದಲು ಬರುವುದಿಲ್ಲ, ಬೋರ್ಡು ಯಾಕೆಂದು ಬಿಟ್ಟರೋ ಏನೋ! ಕಾರಿನ ಹೊಟ್ಟೆ ಕಂದಕದ ಅಂಚಿಗೆ ಆತುಕೊಂಡಿತ್ತು, ಮುಂದಿನ ಚಕ್ರಗಳು ಗಾಳಿಯಲ್ಲಿ ತಿರುಗುತ್ತಿದ್ದವು, ಒಳಗೆ ಮುಂದಿನ ಸೀಟಿನಲ್ಲಿ ನನ್ನ ಅತ್ತೆ. ಕೆಳಗೆ ಆಳವಾಗಿ ಬಂಡೆಗಲ್ಲು.

“ಭಾವ! ಡಿಕ್ಕಿ! ಡಿಕ್ಕಿ ಮ್ಯಾಲೆ ಕುಂತ್ಕಳಿ!” ಎಂದು ಮಾದೇಶ ಕಿರುಚಿದ. ಓಡಿಹೋಗಿ ಜಿಗಿದು ಕೂತೆ. ಕಾರು ಗರ್ರೆಂದು ಹಿಂದಕ್ಕೆ ವಾಲಿತು. ಇಷ್ಟು ವರ್ಷ ಹೆಂಡತಿ ಕರಗಿಸಿಕೊಳ್ಳಿ ಎಂದು ಪ್ರಾಣ ತಿಂದ ನನ್ನ ಹೊಟ್ಟೆ ಒಂದು ಕುಟುಂಬದ ಪ್ರಾಣ ಉಳಿಸುತ್ತಿತ್ತು. ಹೆಮ್ಮೆಪಡಲು ಪುರಸೊತ್ತಿರಲಿಲ್ಲ. ಏಕೆಂದರೆ ಕಂದಕದ ಆಚೆ ಬಿದಿರು ಮುರಿದ ಸದ್ದಾಗಿ, ಒಂದು ಆನೆ ಹೊರಗೆ ಬಂದು ನಿಂತಿತು. ಕಿವಿ ಬೀಸುತ್ತ ನಮ್ಮನ್ನೇ ನೋಡಿತು. ತನಗಾಗಿ ಅಗೆದ ಹಳ್ಳದಲ್ಲಿ ಬೇರೆ ಯಾರೋ ಬಿದ್ದಿರುವುದನ್ನು ಕಂಡ ಆಶ್ಚರ್ಯ ಅದರ ಮುಖದಲ್ಲಿತ್ತು. ಕಂದಕವನ್ನು ಆನೆ ದಾಟಲಾರದೆಂದು ನಾನೇ ತರಗತಿಯಲ್ಲಿ ಹೇಳಿದ್ದೇನೆ. ಆದರೆ ಡಿಕ್ಕಿಯ ಮೇಲೆ ಕೂತವನಿಗೆ ಪಾಠ ಬೇರೆ, ಆನೆ ಬೇರೆ.

“ಅಮ್ಮೋ, ಹಿಂದಿನ್ ಸೀಟಿಗೆ ಬಾರಮ್ಮೋ!” ಎಂದು ಮಾದೇಶ ಅಳುತ್ತಿದ್ದ. ಅತ್ತೆಯ ದನಿ ಮಾತ್ರ ಅಳುಕಿರಲಿಲ್ಲ. “ಲೇ ಮಾದೇಶ, ಅಳಿಯಂದ್ರಿಗೆ ಯೋಳ್ಲಾ, ಅಲ್ಲಾಡ್ಬ್ಯಾಡಿ ಅಂತ. ತಟ್ಟೇಲಿ ಕುಂಕ್ಮ ಚೆಲ್ತದೆ!” ಪ್ರಾಣ ಹೋಗುವ ಹೊತ್ತಿನಲ್ಲೂ ಮಾತು ಮಗನ ಮೂಲಕವೇ! ನಾನು ಸಿಟ್ಟಿನಿಂದ, “ಕುಂಕುಮ ಹಾಳಾಗಿಹೋಗ್ಲಿ, ಮೊದಲು ಈಚೆ ಬನ್ನಿ!” ಎಂದು ಕೂಗಿದೆ. ಅವರು ತಟ್ಟೆಯನ್ನು ಮೊದಲು ಹಿಂದಿನ ಸೀಟಿಗೆ ದಾಟಿಸಿ, ಆಮೇಲೆ ತಮ್ಮನ್ನು ದಾಟಿಸಿಕೊಂಡು, ಹಿಂದಿನ ಬಾಗಿಲಿನಿಂದ ಇಳಿದರು. ಅವರ ಬೆನ್ನಿಗೇ ಮಾದೇಶ ತೆವಳಿಕೊಂಡು ಬಂದು ನೆಲದ ಮೇಲೆ ಬಿದ್ದ. ನಾನು ಡಿಕ್ಕಿಯಿಂದ ಇಳಿದದ್ದು ನನಗೆ ನೆನಪಿಲ್ಲ. ಕಾಲು ಮಾತ್ರ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅತ್ತೆ ಸೆರಗು ಸರಿಮಾಡಿಕೊಂಡರು. ಆನೆಯನ್ನು ನೋಡಿದರು, ಕಂದಕದ ಅಂಚಿನಲ್ಲಿ ಪೊದೆಯ ಬುಡಕ್ಕಿದ್ದ ಒಂದು ಮೊಂಡು ಕಲ್ಲನ್ನು ನೋಡಿದರು. ಆಮೇಲೆ, ನನ್ನ ಮದುವೆಯಾದಂದಿನಿಂದ ಮೊದಲ ಸಲ, ನನ್ನ ಮುಖ ನೋಡಿ ನೇರವಾಗಿ ಕೇಳಿದರು:

“ಇದೇಯೇನಪ್ಪಾ ಮುತ್ತನಪೇಟೆ?”

ಆ ದನಿಯಲ್ಲಿ ಹಟವಿರಲಿಲ್ಲ. ಮಗಳ ಮದುವೆ ಮುರಿದುಬಿದ್ದೀತೆಂಬ ಹೆದರಿಕೆ ಕಂದಕದ ಹೆದರಿಕೆಗಿಂತ ದೊಡ್ಡದಾಗಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಟೀ ಅಂಗಡಿಯವನ ಮೇಲೆ, ರಾಗಿಯವಳ ಮೇಲೆ, ಅಗೆದವರ ಮೇಲೆ, ಅಜ್ಜನ ಮೇಲೆ, ಪಿಳಿಪಿಳಿ ನೋಡುತ್ತಿದ್ದ ಆ ಆನೆಯ ಮೇಲೆ. “ಇದೇ! ಇದೇ ಮುತ್ತನಪೇಟೆ! ಇಟ್ಬುಡಿ ಪತ್ರಿಕೆ!” ಎಂದು ಅರಚಿದೆ. ಅತ್ತೆ ಕಲ್ಲಿನ ಮುಂದೆ ಪತ್ರಿಕೆ ಇಟ್ಟು, ಕಾಯಿ ಒಡೆದು, ಆನೆಯ ಕಡೆಗೂ ಒಮ್ಮೆ ಕೈಮುಗಿದರು. ಅದು ಸೊಂಡಿಲು ಎತ್ತಿ ಮಣ್ಣು ಎರಚಿಕೊಂಡು ಒಳಗೆ ಹೋಯಿತು. ಕಾರನ್ನು ಎಳೆಯಲು ಮಾದೇಶ ನಡೆದುಹೋಗಿ ಅಜ್ಜೀಪುರದಿಂದ ಟ್ರ್ಯಾಕ್ಟರು ಕರೆತಂದ. ಅದರವನು ಕೇಳಿದ, “ಮುತ್ತನಪೇಟೆಗೆ ಈ ಕಡೆ ಯಾಕ್ ಬಂದ್ರಿ ಸಾ, ಅದು ಆ ಕಡೆ ಅಲ್ವಾ?” ಅವನನ್ನು ನಾನು ಹೊಡೆಯದೆ ಬಿಟ್ಟದ್ದು ಕಾರು ಇನ್ನೂ ಅವನ ಹಗ್ಗದಲ್ಲಿತ್ತು ಎಂಬ ಒಂದೇ ಕಾರಣಕ್ಕೆ.

ಪತ್ರಿಕೆಗಳು ಹಂಚಿಹೋದವು, ಚಪ್ಪರ ಎದ್ದಿತು, ರೂಪಾಳ ಮದುವೆ ನಡೆಯಿತು. ಊಟವಾದ ಮೇಲೆ ಚಿಕ್ಕಮಾವನ ಪಕ್ಕದಲ್ಲಿ ಕೂತು ನಡೆದುದನ್ನೆಲ್ಲ ಹೇಳಿದೆ. ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ಅಯ್ಯೋ ಶಿವನೇ, ಅದು ಊರಲ್ಲ ಕಣ್ರೀ! ನಮ್ಮಪ್ಪ ಪತ್ರಿಕೆ ತಕಂಡು ಓಗ್ತಿದ್ದಿದ್ದು ಮಾದಪ್ಪನ ಬೆಟ್ಟಕ್ಕೆ, ಮನೆದೇವ್ರ ಮುಂದೆ ಇಡಕ್ಕೆ. ಅಣ್ಣನೂವೆ ಅಲ್ಲಿಗೇ. ಒಳ್ಳೇ ಕೆಲ್ಸಕ್ಕೆ ಒಂಟಿರೋರ್ನ ಎಲ್ಲಿಗೆ ಅಂತ ಕೇಳ್ಬಾರ್ದು ನೋಡಿ, ಕೇಳುದ್ರೆ ಓದ ಕೆಲ್ಸ ಕೆಟ್ಟೋಯ್ತದೆ. ಅತ್ತಿಗೆ ಒಳೆದಂಡೆಯೋರು, ನಮ್ ಕಡೆ ಪದ್ಧತಿ ಗೊತ್ತಿಲ್ಲ, ಹೊಸ್ತಿಲಲ್ಲಿ ನಿಂತ್ಕಂಡು ಎಲ್ಲಿಗೆ ಮಾವ, ಎಲ್ಲಿಗೆ ಮಾವ ಅಂತ ಕೇಳೇ ಕೇಳೋರು. ಅದುಕ್ಕೆ ನಮ್ಮಪ್ಪ ಬಾಯಿಗೆ ಬಂದ ಹೆಸ್ರೊಂದನ್ನ ಅಂದ್ಬುಡೋರು!”

ನನ್ನ ಕಿವಿಯಲ್ಲಿ ಟ್ರ್ಯಾಕ್ಟರು ಓಡಿತು. “ಮತ್ತೆ ನಾವು ಹೊರಡುವಾಗ ನೀವು ಜಗಲಿ ಮೇಲೇ ಕೂತಿದ್ರಲ್ಲ! ತಟ್ಟೆ ನೋಡಿದ್ರಿ, ಪತ್ರಿಕೆ ನೋಡಿದ್ರಿ. ಎಲ್ಲಿಗೆ ಹೊರಟಿದ್ದೀರಿ ಅಂತ ಒಂದು ಮಾತು ಕೇಳ್ಬಾರ್ದಿತ್ತಾ?”

ಚಿಕ್ಕಮಾವ ನಗು ನಿಲ್ಲಿಸಿದರು. ಅವರಿಗೆ ನಿಜಕ್ಕೂ ಬೇಸರವಾಗಿತ್ತು. “ಛೆ ಛೆ, ಓದಿದೋರು ನೀವೇ ಇಂಗಂದ್ರೆ? ಒಂಟಿರೋರ್ನ ಯಾರಾರಾ ಎಲ್ಲಿಗೆ ಅಂತ ಕೇಳ್ತಾರಾ?”

ಸಿಟ್ಟಿನಿಂದ ಎದ್ದೆ. ಈಗಲೇ, ಎಲ್ಲರ ಎದುರಿಗೇ, ಅತ್ತೆಗೆ ಹೇಳಿಬಿಡಬೇಕು. ಮಾದಪ್ಪನ ಬೆಟ್ಟಕ್ಕೆ ಬಸ್ಸಿದೆ, ಬೋರ್ಡಿದೆ, ಟಾರು ರಸ್ತೆಯಿದೆ ಎಂದು ಕೂಗಿ ಹೇಳಬೇಕು. ದಾಪುಗಾಲು ಹಾಕುತ್ತ ಚಪ್ಪರದ ಆ ತುದಿಗೆ ಹೋದೆ. ಅತ್ತೆ ಬೀಗಿತ್ತಿಯರ ನಡುವೆ ಕೂತಿದ್ದರು. “ಕಾರು ಅಂಗೇ ನಿಂತೋಯ್ತು ಅಂತೀನಿ. ಇಲ್ಲೇ ಕಣವ್ವ ನಿಮ್ಮ ಊರು ಅಂತ ಹಿರೀಕರೇ ನಿಲ್ಸುದ್ರು. ಆಚೆ ಕಡೆ ಆನೆ ಬಂದು ಪತ್ರಿಕೆ ಇಡೋತಂಕ ನಿಂತಿತ್ತು, ಮನೆ ಯಜಮಾನ್ರಂಗೆ” ಎನ್ನುತ್ತಿದ್ದರು. ಬೀಗಿತ್ತಿಯರು ಗಲ್ಲಕ್ಕೆ ಕೈ ಹೊಡೆದುಕೊಳ್ಳುತ್ತಿದ್ದರು. ಅತ್ತ ರೂಪಾ ಗಂಡನ ಪಕ್ಕದಲ್ಲಿ ತಲೆ ಎತ್ತಿಕೊಂಡು ಕೂತಿದ್ದಳು. ನನ್ನನ್ನು ಕಂಡು ಅತ್ತೆ ನೇರವಾಗಿ, ಮಾದೇಶನನ್ನು ಕರೆಯದೆಯೇ, ಕೇಳಿದರು:

“ನೀವೇ ಯೋಳಿ, ಅಲ್ವಾ? ಆನೆ ನಿಂತಿತ್ತಲ್ವಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಬಾಯಿ ತೆರೆದೆ.

“ಒಂದೇ ಅಲ್ಲ ಅತ್ತೆ,” ಎಂದೆ, “ಹಿಂದೆ ಮರಿಯೂ ಇತ್ತು.”