ಸೀಟು ಹಿಡಿದ ಮಲ್ಲಿಗೆ

ಖಾಲಿ ಸೀಟು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಪಾಪ ಎನ್ನಬೇಕೋ ಚಟ ಎನ್ನಬೇಕೋ ಇವತ್ತಿಗೂ ತಿಳಿದಿಲ್ಲ. ಒಮ್ಮೆ ಪಾಪನಿವೇದನೆಯಲ್ಲಿ ಹೇಳಿ ನೋಡಿದೆ, ಪಾದ್ರಿಗಳು "ಮುಂದಿನದ್ದು ಹೇಳಿ" ಎಂದುಬಿಟ್ಟರು. ಶಂಕರಪುರದಿಂದ ಉಡುಪಿಗೆ ಮೂವತ್ತು ವರ್ಷ ಬಸ್ಸಿನಲ್ಲಿ ಓಡಾಡಿದವಳು ನಾನು. ಬಸ್ಸು ಸರಿಯಾಗಿ ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಒಳಗೆ ಹಾಕಿದರೆ ಆ ಸೀಟು ನಮ್ಮದು. ಅದಕ್ಕೆ ಸಾಕ್ಷಿ ಬೇಡ, ಸಹಿ ಬೇಡ. ಒಂದು ದಿನ ಕರ್ಚೀಫು ಕೈಗೆ ಸಿಗದೆ ಬಸಳೆಯ ಕಟ್ಟನ್ನೇ ಹಾಕಿದ್ದೆ. ನಾನು ನೂಕುನುಗ್ಗಲಲ್ಲಿ ಹತ್ತಿ ಬರುವವರೆಗೂ ಬಸಳೆ ಕಿಟಕಿ ಬದಿಯಲ್ಲಿ ಆರಾಮವಾಗಿ ಕುಳಿತಿತ್ತು. ಟೈ ಕಟ್ಟಿದ ಒಬ್ಬರು ಬ್ಯಾಂಕಿನ ಸಾಹೇಬರು ಅದರ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದರು. ಅಷ್ಟು ಮರ್ಯಾದೆಯ ಊರು ನಮ್ಮದು.

ಇಂಥ ನಾನು ಮೊದಲ ಸಲ ವಿಮಾನ ಹತ್ತಬೇಕಾಗಿ ಬಂತು. ಮುಂಬೈಯಲ್ಲಿರುವ ನನ್ನ ಅಕ್ಕನ ಮಗಳಿಗೆ ಮದುವೆ. ಮದುವೆಯ ಮುನ್ನಾದಿನ ಸಂಜೆ ನಮ್ಮವರಲ್ಲಿ ರೋಸ್ ಎಂದು ಮಾಡುತ್ತಾರೆ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಆ ಸಂಜೆಗೆ ಅವಳ ಮುಡಿಗೆ ನಮ್ಮ ಊರಿನ ಮಲ್ಲಿಗೆಯೇ ಆಗಬೇಕು. ಅಕ್ಕ ಫೋನಿನಲ್ಲಿ, "ನೀನು ಬರದಿದ್ದರೂ ಅಡ್ಡಿಯಿಲ್ಲ, ಹೂ ಬರಬೇಕು" ಎಂದಳು. ಹೂವಿಗೆ ಒಬ್ಬಳೇ ಬರಲು ಗೊತ್ತಿಲ್ಲವಾದ್ದರಿಂದ ನನಗೂ ಟಿಕೇಟು ಆಯಿತು. ಬೆಳಗ್ಗೆ ಕೊಯ್ದ ಮೊಗ್ಗನ್ನು ಕಟ್ಟಿ, ನಾಲ್ಕು ಚೆಂಡು ಮಾಡಿ, ಬಾಳೆಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಬಿಗಿದೆ. ಮೂರು ಚೆಂಡು ಮದುಮಗಳಿಗೆ, ಒಂದು ಅಲ್ಲಿನ ಇಗರ್ಜಿಯ ಮಾತೆಯ ಪೀಠಕ್ಕೆ. ಗಲ್ಫಿನಲ್ಲಿ ಹದಿನೆಂಟು ವರ್ಷ ದುಡಿದು ಬಂದ ನಮ್ಮವರು ಧೈರ್ಯ ಹೇಳಿದರು: "ಹೆದರಲಿಕ್ಕೆ ಎಂತ ಉಂಟು ಮಾರಾಯ್ತಿ? ಏರ್‌ಪೋರ್ಟು ಅಂದರೆ ಬಸ್ ಸ್ಟ್ಯಾಂಡಿನ ಹಾಗೆಯೇ. ಸ್ವಲ್ಪ ದೊಡ್ಡದು, ಅಷ್ಟೆ." ಗಂಡನ ಮಾತನ್ನು ಜೀವನದಲ್ಲಿ ಒಮ್ಮೆ ಅಕ್ಷರಶಃ ನಂಬಿದೆ. ಆಮೇಲಿನದ್ದಕ್ಕೆಲ್ಲ ಅದೇ ಕಾರಣ.

ಬ್ಯಾಗು ಕಳಿಸಿದ್ದು, ಮೈ ತಪಾಸಣೆ ಮಾಡಿಸಿಕೊಂಡದ್ದು, ಹೂವಿನ ಗಂಟು ಆ ಯಂತ್ರದ ಹೊಟ್ಟೆಯೊಳಗೆ ಹೋಗಿ ಸುಖವಾಗಿ ಹೊರಬಂದದ್ದು, ಎಲ್ಲವೂ ದೇವರ ದಯೆಯಿಂದ ಸುಸೂತ್ರ ನಡೆಯಿತು. ಬೆರಳು ಮಡಚಿ ಮೂರು ಉಪಕಾರ ಎಣಿಸಿದೆ. ಒಳಗೆ ಹೋದರೆ ಅದು ಬಸ್ ಸ್ಟ್ಯಾಂಡೇ ಅಲ್ಲ! ಇಗರ್ಜಿಯಂತೆ ಎತ್ತರದ ಮಾಡು, ಮುಖ ಕಾಣುವಷ್ಟು ನುಣುಪಾದ ನೆಲ, ಆದರೆ ಊರಿನ ಹೆಸರು ಕೂಗುವ ಒಬ್ಬ ಕಂಡಕ್ಟರನೂ ಇಲ್ಲ. ನಮ್ಮ ಕಂಡಕ್ಟರರು ಮಲಗಿದವರನ್ನೂ ಎಬ್ಬಿಸಿ ಇಳಿಸುತ್ತಾರೆ. ಇಲ್ಲಿ ಎಲ್ಲರೂ ಬೋರ್ಡು ನೋಡಿಕೊಂಡು ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ನಾನೂ ನೋಡಿ, ನಾಲ್ಕು ಜನರನ್ನು ಕೇಳಿ, ನನ್ನ ಗೇಟು ಹುಡುಕಿದೆ. ಗೇಟಿನ ಬಾಗಿಲಿಗೆ ತಾಗಿದಂತಿದ್ದ ಮೊದಲ ಸೀಟು ಖಾಲಿ ಇತ್ತು. ನಾಲ್ಕನೆಯ ಉಪಕಾರ. ಪಕ್ಕದಲ್ಲಿ ಕಾಪುವಿನ ಮೈಮೂನಮ್ಮ ಎಂಬ ಬ್ಯಾರಿ ಹೆಂಗಸು, ಮಗಳ ಬಾಣಂತನಕ್ಕೆ ಹೊರಟವರು, ತಲೆಯ ಮೇಲೆ ಶಾಲು ಎಳೆದುಕೊಂಡು ತೂಕಡಿಸುತ್ತಿದ್ದರು.

ಸ್ವಲ್ಪ ಹೊತ್ತಿಗೆ ನನಗೆ ಶೌಚಾಲಯಕ್ಕೆ ಹೋಗಬೇಕಾಯಿತು. ಮಾತೆಯ ಪೀಠಕ್ಕೆ ಹೋಗುವ ಹೂವನ್ನು ಅಂಥ ಜಾಗಕ್ಕೆ ಕೊಂಡೊಯ್ಯಲಾಗುತ್ತದೆಯೇ? ಮನಸ್ಸು ಒಪ್ಪಲಿಲ್ಲ. ಅದೂ ಅಲ್ಲದೆ ಮೊದಲ ಸೀಟು! ಗಂಟನ್ನು ಸೀಟಿನ ನಡುವೆ ಕೂರಿಸಿ, ಒಮ್ಮೆ ಶಿಲುಬೆಯ ಗುರುತು ಮಾಡಿ ಹೊರಟೆ. ಎರಡು ಕೆಲಸಕ್ಕೆ ಒಂದೇ ಉಪಾಯ ಹೊಳೆಯಿತಲ್ಲ ಎಂದು ನನಗೇ ಹೆಮ್ಮೆ.

ಹೋಗುವುದು ಸುಲಭವಾಯಿತು, ಬರುವುದಲ್ಲ. ಹೊರಬಂದು ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿದೆನೆಂದು ಕಾಣುತ್ತದೆ. ಸೆಂಟಿನ ಅಂಗಡಿ ಬಂತು, ಕನ್ನಡಿಯ ಪೆಟ್ಟಿಗೆಯಲ್ಲಿ ದೀಪ ಹಾಕಿ ಕೂರಿಸಿದ ಗೇರುಬೀಜದ ಅಂಗಡಿ ಬಂತು, ತಿರುಗಿ ಮತ್ತೆ ಅದೇ ಸೆಂಟಿನ ಅಂಗಡಿ. ಎಲ್ಲ ಗೇಟಿನಲ್ಲೂ ಒಂದೇ ಜಾತಿಯ ಕುರ್ಚಿಗಳು. ಆಗ ಮೇಲಿನಿಂದ ಒಂದು ಧ್ವನಿ ಕನ್ನಡದಲ್ಲೇ ಹೇಳಿತು: ಗೇಟಿನ ಬಳಿ ವಾರಸುದಾರರಿಲ್ಲದ ಗಂಟೊಂದು ಕಂಡುಬಂದಿದೆ, ಸಂಬಂಧಪಟ್ಟವರು ಕೂಡಲೇ ಬರಬೇಕು. ‘ಪಾಪ, ಯಾರೋ ಮರೆಗುಳಿ’ ಎಂದುಕೊಂಡೆ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋನಿಯವರಿಗೆ, ಆ ಬುದ್ಧಿಯಿಲ್ಲದವರ ಪರವಾಗಿ ನಡೆಯುತ್ತಲೇ ಒಂದು ಪ್ರಾರ್ಥನೆ ಹೇಳಿದೆ. ನನ್ನದಾಗಿರಬಹುದು ಎಂದು ಹೊಳೆಯಲೇ ಇಲ್ಲ. ನಾನೇನು ಮರೆತು ಬಂದಿದ್ದೆನೇ? ಸೀಟು ಹಿಡಿದು ಬಂದಿದ್ದೆ.

ಕೊನೆಗೂ ಗೇಟು ಸಿಕ್ಕಿತು. ನನ್ನ ಸೀಟು ಭದ್ರವಾಗಿತ್ತು. ಬಸ್ಸಿನಲ್ಲಿ ಒಂದು ಕರ್ಚೀಫಿಗೆ ಒಂದು ಸೀಟು. ಇಲ್ಲಿ ನನ್ನ ಗಂಟು ಸುತ್ತಲಿನ ಮೂರು ಸಾಲನ್ನು ಹಿಡಿದಿಟ್ಟಿತ್ತು. ಅಡ್ಡಲಾಗಿ ಪಟ್ಟಿ ಎಳೆದಿದ್ದರು. ಬಂದೂಕು ಹಿಡಿದ ನಾಲ್ವರು ನಿಂತು ಬಾಳೆಲೆಯನ್ನು ದುರುಗುಟ್ಟಿ ನೋಡುತ್ತಿದ್ದರು. ಪ್ರಯಾಣಿಕರೆಲ್ಲ ದೂರದ ಗೋಡೆಗೆ ಅಂಟಿಕೊಂಡಿದ್ದರು. ಮೈಮೂನಮ್ಮ ನನ್ನನ್ನು ಕಂಡದ್ದೇ ಬೊಬ್ಬೆ ಹಾಕಿದರು: "ಬಾಯಮ್ಮಾ, ಎಲ್ಲಿ ಸತ್ತಿದ್ರಿ ನೀವು? ಅದು ಮಲ್ಲಿಗೆ ಅಂತ ನಾನು ಆವಾಗಿಂದ ಹೇಳ್ತಾ ಇದ್ದೇನೆ. ನನ್ನ ಮೂಗಿನ ಮೇಲೆ ಇವರಿಗೆ ನಂಬಿಕೆಯೇ ಇಲ್ಲ!"

ಅಧಿಕಾರಿ ಹಿಂದಿಯಲ್ಲಿ ಗುಡುಗಿದರು. ನನ್ನ ಹಿಂದಿ ಟಿ.ವಿ. ಧಾರಾವಾಹಿಯದ್ದು, ಅತ್ತೆ ಸೊಸೆಯ ಜಗಳಕ್ಕೆ ಸಾಕು, ಪೊಲೀಸರಿಗೆ ಸಾಲದು. ಅಷ್ಟರಲ್ಲಿ ಸಮವಸ್ತ್ರದ ಒಬ್ಬಳು ಹುಡುಗಿ ಮುಂದೆ ಬಂದಳು, ಕಾರ್ಕಳದವಳಂತೆ.

"ಅಮ್ಮಾ, ಗಂಟು ಯಾಕೆ ಬಿಟ್ಟು ಹೋದದ್ದು ಅಂತ ಕೇಳ್ತಾ ಇದ್ದಾರೆ."

"ಬಿಟ್ಟು ಹೋದದ್ದಲ್ಲ ಮಗಾ, ಸೀಟು ಹಿಡಿದದ್ದು."

ಅವಳು ತುಟಿ ಕಚ್ಚಿಕೊಂಡಳು. ಕಾರ್ಕಳದ ಬಸ್ಸು ಹತ್ತಿದವಳಿಗೆ ಅದನ್ನು ಬಿಡಿಸಿ ಹೇಳಬೇಕೇ? ಆದರೆ ಹಿಂದಿಯಲ್ಲಿ ಅಧಿಕಾರಿಗೆ ಹೇಳಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ಅವರು ಕೇಳಿ, ನನ್ನನ್ನು ನೋಡಿ, ಗಂಟನ್ನು ನೋಡಿ, ಏನೋ ಹೇಳಿದರು. ಹುಡುಗಿಯ ಮುಖ ಸಣ್ಣದಾಯಿತು. "ನಿಯಮ ಪ್ರಕಾರ ಇದನ್ನು ತೆಗೆದುಕೊಂಡು ಹೋಗಬೇಕಂತೆ ಅಮ್ಮಾ."

ಸಂಜೆ ಬೋಳು ಮುಡಿಯಲ್ಲಿ ಕುಳಿತ ಮದುಮಗಳು ಕಣ್ಣ ಮುಂದೆ ಬಂದಳು, ಅವಳ ಹಿಂದೆ ನನ್ನ ಅಕ್ಕನೂ. ಬಂದೂಕಿಗಿಂತ ನನಗೆ ಅಕ್ಕನ ಹೆದರಿಕೆ ಜಾಸ್ತಿ. "ಬೇಕಾದರೆ ನನ್ನನ್ನು ಇಟ್ಟುಕೊಳ್ಳಲಿ, ಹೂ ವಿಮಾನ ಹತ್ತಲೇಬೇಕು. ಇವತ್ತು ರೋಸ್ ಉಂಟು!" ಎಂದೆ. ಅಳು ಬಂದೇಬಿಟ್ಟಿತು.

ಅಧಿಕಾರಿ ಕಣ್ಣೀರಿಗೆ ಕರಗಿದರೋ, ನನ್ನನ್ನು ಇಟ್ಟುಕೊಳ್ಳುವ ಮಾತಿಗೆ ಬೆದರಿದರೋ ತಿಳಿಯದು. ಒಂದು ಯಂತ್ರ ತರಿಸಿ ಗಂಟಿನ ಸುತ್ತ ಆಡಿಸಿದರು. ಆಮೇಲೆ ನಾನೇ ಬಿಚ್ಚಿ ತೋರಿಸಬೇಕು ಎಂದಾಯಿತು. ನಾರು ಬಿಚ್ಚಿ, ನಾಲ್ಕೂ ಚೆಂಡನ್ನು ಕುರ್ಚಿಗಳ ಮೇಲೆ ಬಿಡಿಸಿ ಹರಡಿದೆ. ತಂಪು ಗಾಳಿಗೆ ಪರಿಮಳ ಎದ್ದಿತು ನೋಡಿ! ಗೋಡೆಗೆ ಅಂಟಿದ್ದವರೆಲ್ಲ ಒಬ್ಬೊಬ್ಬರಾಗಿ ಹತ್ತಿರ ಬಂದರು. "ಹೇಳಿದೆನಲ್ವಾ?" ಎಂದು ಮೈಮೂನಮ್ಮ ಅಧಿಕಾರಿಗೆ ಕನ್ನಡದಲ್ಲೇ ತರಾಟೆ ತೆಗೆದುಕೊಂಡರು. ಅವರಿಗೊಂದು ಮೊಳ, ಕಾರ್ಕಳದ ಹುಡುಗಿಗೊಂದು ಮೊಳ ಕೊಟ್ಟೆ. ಕಾಗದಪತ್ರ, ಸಹಿ, ಬುದ್ಧಿಮಾತು ಎಲ್ಲ ಮುಗಿಯುವವರೆಗೆ ಅರ್ಧ ಗಂಟೆ ಹೂವು ಹಾಗೆಯೇ ಹರಡಿಕೊಂಡಿತ್ತು. ಬಳಿಕ ಹುಡುಗಿಯೇ ಮತ್ತೆ ಸುತ್ತಿಕೊಟ್ಟಳು. ಎಲ್ಲರಿಗಿಂತ ಮೊದಲು ವಿಮಾನದೊಳಗೆ ಹೋದರೆ ನನ್ನ ಸೀಟು ಕಟ್ಟಕಡೆಯ ಸಾಲಿನಲ್ಲಿತ್ತು, ಟಿಕೇಟು ಮಾಡಿದ ದಿನದಿಂದಲೇ ನನ್ನ ಹೆಸರಿನಲ್ಲಿ.

ಮುಂಬೈಯ ಮನೆಯಲ್ಲಿ ಗಂಟು ಬಿಚ್ಚಿದಾಗ ಮೊಗ್ಗೆಲ್ಲ ಹದವಾಗಿ ಅರಳುತ್ತಿತ್ತು. ಅಕ್ಕನ ನಾದಿನಿ ಮಣಿಪಾಲದಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ ತಂದ ಹೂವು ಮಾತ್ರ ಬೆಂದ ಹಾಗೆ ಕಂದಿಹೋಗಿತ್ತು. "ಮಾವ್ಶಿ, ಇದೆಂಥ ಜಾದೂ? ಈಗ ಕೊಯ್ದ ಹಾಗೆ ಉಂಟು!" ಎಂದಳು ಮದುಮಗಳು. ನಾನು ಸುಳ್ಳು ಹೇಳುವವಳಲ್ಲ. "ದಾರಿಯಲ್ಲಿ ಒಮ್ಮೆ ಬಿಚ್ಚಿ ಅರ್ಧ ಗಂಟೆ ಗಾಳಿಗೆ ಹರಡಬೇಕು ಮಗಾ. ಅದೆಲ್ಲ ಅನುಭವದಿಂದ ಬರುವುದು" ಎಂದೆ. ಆ ಸಂಜೆಯಿಂದ ನಮ್ಮ ಬಳಗದಲ್ಲಿ ಮಲ್ಲಿಗೆ ಸಾಗಿಸುವ ವಿಷಯಕ್ಕೆ ನನ್ನ ಮಾತೇ ಅಂತಿಮ; ಯಾರ ಮನೆಯಲ್ಲಿ ರೋಸ್ ಇದ್ದರೂ ನನಗೇ ಫೋನು ಬರುತ್ತದೆ. ಎಲೆ ಎಂಥದ್ದು, ನಾರು ಎಷ್ಟು ಬಿಗಿ, ನೀರು ಯಾವಾಗ ಚಿಮುಕಿಸಬೇಕು ಎಂದು ಎಲ್ಲವನ್ನೂ ತಾಳ್ಮೆಯಿಂದ ಹೇಳಿಕೊಡುತ್ತೇನೆ. ಗಾಳಿಗೆ ಹರಡುವಾಗ ಸುತ್ತ ಎಷ್ಟು ಬಂದೂಕು ಇರಬೇಕು ಎನ್ನುವುದನ್ನು ಮಾತ್ರ ಯಾರೂ ಕೇಳಿಲ್ಲ, ನಾನಾಗಿ ಹೇಳಲೂ ಹೋಗಿಲ್ಲ.