ಕಪ್ಪಾದ ಪ್ಲಗ್ಗು

ನಮ್ಮ ಮನೆಯವರು ಹೆಣ್ಣು ನೋಡಲು ನನ್ನ ತವರೂರು ವಾಗದರಿಗೆ ಬಂದ ದಿನ ನನ್ನ ಮುಖ ನೋಡಿದ್ದು ಒಂದು ನಿಮಿಷ, ಸ್ಪಾರ್ಕ್ ಪ್ಲಗ್ಗಿನ ಮುಖ ನೋಡಿದ್ದು ಅರ್ಧ ಗಂಟೆ! ಸೊಲ್ಲಾಪುರದಿಂದ ಅವರನ್ನು ಹೊತ್ತು ತಂದಿದ್ದ, ಅವರ ಅಪ್ಪನ ಕಾಲದ ಮೋಟಾರ್‌ಸೈಕಲ್ಲು ನಮ್ಮ ಬಾಗಿಲಲ್ಲೇ ಕೆಮ್ಮಿ ನಿಂತುಬಿಟ್ಟಿತ್ತು. ವರಮಹಾಶಯರು ಉಪ್ಪಿಟ್ಟಿನ ತಟ್ಟೆ ಬದಿಗಿಟ್ಟು ಹೊರಗೋಡಿ ಪ್ಲಗ್ಗು ಬಿಚ್ಚಿದರು, ಉಜ್ಜಿದರು, ಮತ್ತೆ ಕೂಡಿಸಿದರು. ಆಮೇಲೆ "ನಡೀತದ ತಗೋರಿ!" ಎಂದು ಕೂಗಿದರು. ಒಳಗಿದ್ದ ನಮ್ಮವ್ವ ಅದು ನನ್ನ ಬಗ್ಗೆ ಹೇಳಿದ್ದೆಂದು ತಿಳಿದು ಎಲ್ಲರ ಕೈಗೂ ಸಕ್ಕರೆ ಹಾಕಿಬಿಟ್ಟಳು.

ಅಂದಿನಿಂದ ಇಪ್ಪತ್ತೆಂಟು ವರ್ಷ, ಆ ಗಾಡಿಯ ಹಿಂದಿನ ಸೀಟಿನಲ್ಲಿ ಜೀವ ಅಂಗೈಯಲ್ಲಿ ಹಿಡಿದು ಕುಳಿತಿದ್ದೇನೆ. ಅದು ಓಡಿದರೆ ಬೀಳುತ್ತೇವೆಂದು ಹೆದರಿಕೆ, ನಿಂತರೆ ಹಿಂದಿನವರು ಬಂದು ಗುದ್ದುತ್ತಾರೆಂದು ಹೆದರಿಕೆ. ಇವರದು ಒಂದೇ ಮಾತು: "ಅಂಜಬ್ಯಾಡ. ನನ್ನ ಕಿವಿ ಅದಾವಲ್ಲ!"

ಕಿವಿಯ ಜಂಬ ಸುಮ್ಮನೆ ಬಂದದ್ದಲ್ಲ. ತಮ್ಮ ಟಾವೆಲ್ ಅಂಗಡಿ ಮುಚ್ಚಿ ಬಂದವರೇ ಅಂಗಳದಲ್ಲಿ ಗಾಡಿ ಚಾಲೂ ಮಾಡಿ, ಕಾರ್ಬ್ಯುರೇಟರಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಗಾಳಿಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಇಂಜಿನ್ನಿನ ಸದ್ದು ಒಂದೇ ಸಮ ಬಂದೊಡನೆ ಕೈ ತೆಗೆಯುತ್ತಿದ್ದರು. ಮರುದಿನ ಪ್ಲಗ್ಗು ಬಿಚ್ಚಿದರೆ ಹದವಾಗಿ ಹುರಿದ ಶೇಂಗಾದ ಬಣ್ಣ! ಬೆಳ್ಳಗಿದ್ದರೆ ಗಾಳಿ ಹೆಚ್ಚು, ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಈ ವಿದ್ಯೆ ನನಗೂ ಬಂದಿದ್ದು ಯಾಕೆಂದರೆ ಪ್ಲಗ್ಗು ಒಣಗುತ್ತಿದ್ದುದು ನನ್ನ ಗ್ಯಾಸ್ ಒಲೆಯ ಮೇಲೆ. ನಮ್ಮ ಮನೆಯ ರೊಟ್ಟಿಗೆ ಪೆಟ್ರೋಲಿನ ವಾಸನೆ ಬಾರದ ದಿನ ನನಗೇ ಊಟ ರುಚಿಸುತ್ತಿರಲಿಲ್ಲ!

ಮನುಷ್ಯರನ್ನೂ ಬಿಟ್ಟವರಲ್ಲ. ಒಮ್ಮೆ ನನ್ನ ತಮ್ಮ ಹೊಟ್ಟೆನೋವೆಂದು ಬಂದ.

"ನಾಲಿಗಿ ತಗಿ," ಎಂದರು. ಬೆಳಕಿಗೆ ಹಿಡಿದು ನೋಡಿದರು. "ಮಸಿ ಹಿಡದದ. ಎಣ್ಣಿ ಜಾಸ್ತಿ ಆಗೇದ, ಗಾಳಿ ಕಡಿಮಿ. ಭಜಿ ಬಿಟ್ಟು ದಿನಾ ಎರಡ ಮೈಲಿ ನಡಿ!"

ಡಾಕ್ಟರು ದುಡ್ಡು ತೆಗೆದುಕೊಂಡು ಹೇಳಿದ್ದೂ ಅದನ್ನೇ.

ಇಂಥವರ ಪ್ಲಗ್ಗು ಒಂದು ವರ್ಷದಿಂದ ಕಪ್ಪಾಗತೊಡಗಿತು. ಉಜ್ಜಿದರೆ ಮತ್ತೆ ಕಪ್ಪು, ಹೊಸದು ಹಾಕಿದರೂ ವಾರದಲ್ಲಿ ಕಪ್ಪು. ಪೆಟ್ರೋಲಿಗೆ ಬೈದರು, ಹವೆಗೆ ಬೈದರು. ನಾನು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಇದರಲ್ಲಿ ಹೊಸದೇನು? ಇಪ್ಪತ್ತೆಂಟು ವರ್ಷ ನನ್ನ ಮಾತು ಕಿವಿಗೇ ಹಾಕಿಕೊಳ್ಳದ ಗಂಡನಿಗೆ ಏನೋ ಆಗಿದೆಯೆಂದು ಯಾವ ಹೆಂಡತಿಗೆ ತಾನೇ ಅನುಮಾನ ಬರುತ್ತದೆ ಹೇಳಿ!

ಕಳೆದ ಗುರುವಾರ ಅಕ್ಕಲಕೋಟೆಗೆ ದರ್ಶನಕ್ಕೆ ಹೊರಟಿದ್ದೆವು. ದಾರಿಯ ಕುಂಭಾರಿ ಊರು ದಾಟುವಾಗ ಹಿಂದೆ ಟ್ರಕ್ಕು ಬಂತು. ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು, ಕೈ ಎತ್ತದೆ ಹೊಡೆಯಿತು. ಇವರು ನಡುರಸ್ತೆ ಬಿಟ್ಟು ಕದಲಲಿಲ್ಲ. "ಬದೀಗಿ ತಗೋರಿ!" ಎಂದು ಬೆನ್ನಿಗೆ ಗುದ್ದಿದೆ. ಟ್ರಕ್ಕು ನನ್ನ ಸೆರಗಿಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ಡ್ರೈವರ್ ತಲೆ ಹೊರಹಾಕಿ ಮರಾಠಿಯಲ್ಲಿ ಬೈದ: "ಓ ಕಾಕಾ, ಬಹಿರೆ ಆಹಾತ ಕಾ?" ನೀವೇನು ಕಿವುಡರೇ, ಎಂದು.

ಗಾಡಿ ಕೆಮ್ಮುತ್ತ ರಸ್ತೆಯ ಬದಿಗೆ ಬಂದು ನಿಂತಿತು. ಇವರು ಏನೂ ಆಗಿಲ್ಲವೆಂಬಂತೆ ಪ್ಲಗ್ಗು ಬಿಚ್ಚಿದರು. ಬಾಣಲೆಯ ತಳದಷ್ಟು ಕಪ್ಪು! ಅದನ್ನು ನೋಡುತ್ತಲೇ ಡ್ರೈವರನ ಬೈಗುಳ ಮತ್ತೆ ನೆನಪಾಯಿತು. ಕಿವಿಯಿಂದ ಗಾಡಿ ಹದ ಮಾಡುವವರ ಪ್ಲಗ್ಗು ವರ್ಷವಿಡೀ ಯಾಕೆ ಕೆಡಬೇಕು?

ನಾನು ಅವರ ಬೆನ್ನ ಹಿಂದೆ ನಿಂತು ಜೋರಾಗಿಯೇ ಹೇಳಿದೆ: "ನಿಮ್ಮ ಗಾಡಿ ಮಾರೀನ್ರಿ. ನಾಳಿ ಬಂದು ಒಯ್ತಾರ."

ನನ್ನ ಬೇರೆ ಯಾವ ಮಾತನ್ನು ಬಿಟ್ಟರೂ ಈ ಮಾತಿಗೆ ಅವರು ಎದ್ದು ಕುಣಿಯಬೇಕಿತ್ತು. ಅವರು ಪ್ಲಗ್ಗಿಗೆ ಉಫ್ ಎಂದು ಊದುತ್ತ ಕುಳಿತೇ ಇದ್ದರು. ಟ್ರಕ್ಕಿಗೂ ನಾನು ಅಷ್ಟು ಹೆದರಿರಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕುಳಿತು ಅತ್ತುಬಿಟ್ಟೆ.

ಪ್ಲಗ್ಗು ಒರೆಸಲು ಬಟ್ಟೆ ಹುಡುಕುತ್ತ ಆಗ ತಿರುಗಿ ನೋಡಿದರು. "ಯಾಕ ಅಳಾಕತ್ತಿ? ಟ್ರಕ್ ಹೋತು ಬಿಡು."

ಅವರ ಕಿವಿ ಮುಟ್ಟಿ, ಹತ್ತಿರ ಬಾಗಿ, "ಯಾವಾಗಿಂದ?" ಎಂದು ಕೇಳಿದೆ.

ಪ್ಲಗ್ಗಿನ ಮಸಿಯನ್ನು ಬೆರಳಿನಿಂದ ಒರೆಸಿದರು. "ವರ್ಷ ಆತು. ಇಂಜಿನ್ ಹೊಡಿಯೂದು ಅಂಗಾಲಿಗಿ ತಿಳೀತದ, ಕಿವಿಗಿ ಇಲ್ಲ. ಸ್ಕ್ರೂ ಅಂದಾಜಿಲೆ ತಿರಗಸ್ತೀನಿ."

"ಹೇಳಬಾರದಿತ್ತೇನ್ರಿ ನನಗ?"

"ಅಂಜಿಕಿ ಬಂತು."

ನನಗೆ ಅಂಜಬೇಡವೆಂದೇ ಹೇಳುತ್ತ ಬಂದ ಮನುಷ್ಯನ ಬಾಯಲ್ಲಿ ಈ ಮಾತು! "ಗಾಡಿ ಬಿಡಬೇಕಾಗ್ತದಂತೇನು?" ಎಂದೆ.

ತಲೆ ಅಲ್ಲಾಡಿಸಿದರು. "ಗಾಡೀದು ಬಿಡು. ಅದರ ಶಬ್ದ ಕೇಳದಿದ್ರ ಪ್ಲಗ್ ತಗದು ನೋಡತೀನಿ. ನಿನ್ನ ಮಾತು ಕೇಳದಂಗಾದ್ರ ಏನ್ ತಗದು ನೋಡ್ಲಿ?"

ಗಾಡಿಯ ಕೀಲಿ ಕಿತ್ತು ನನ್ನ ಸೆರಗಿಗೆ ಕಟ್ಟಿಕೊಂಡೆ. ಡಾಕ್ಟರಿಗೆ ಕಿವಿ ತೋರಿಸುವ ತನಕ ಅದು ನನ್ನಲ್ಲೇ. ಆಮೇಲೆ, ಮದುವೆಯ ದಿನ ಒಡಪಿನ ಪದ್ಯದಲ್ಲಿ ಹೆಣೆದು ಒಮ್ಮೆ ಹೇಳಿ ಮತ್ತೆಂದೂ ಬಾಯಿಗೆ ತಂದಿರದ ಅವರ ಹೆಸರನ್ನು, ಅವರ ಕಿವಿಗೆ ಬಾಯಿ ಹಚ್ಚಿ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕೇಳುವಂತೆ ಕೂಗಿದೆ.

ಅವರು "ಓ" ಎಂದರು.